ಜನರಿಲ್ಲದ ಕಿಷ್ಕಿಂಧೆ

2011ರ ಜನವರಿಯಲ್ಲಿ ಅಮೆರಿಕದ ಪುಸ್ತಕದಂಗಡಿಗಳಿಗೆ ಬಂದ ಒಂದು ದಪ್ಪ ಕಾದಂಬರಿಯ ನಾಯಕಿ ಓರೆಗಾನ್ ರಾಜ್ಯದಿಂದ ಹೊರಟು ಹಂಪಿಗೆ ಬರುತ್ತಾಳೆ. ಜೊತೆಯಲ್ಲಿ ನೀಲಿ ಕಣ್ಣಿನ ಒಂದು ಬಿಳಿ ಹುಲಿ. ಇಬ್ಬರೂ ಕತ್ತಲಾದ ಮೇಲೆ ಅವಶೇಷಗಳ ನಡುವೆ ನುಸುಳಿ ಉಗ್ರನರಸಿಂಹನ ಬಳಿಗೆ ಹೋಗುತ್ತಾರೆ, ಅಲ್ಲಿಂದ ನೆಲದಡಿಯ ಕಿಷ್ಕಿಂಧೆಗೆ ಇಳಿಯುತ್ತಾರೆ. ಕಾದಂಬರಿಯ ಹೆಸರು 'ಟೈಗರ್ಸ್ ಕರ್ಸ್', ಬರೆದವರು ಕೊಲೀನ್ ಹೌಕ್. ಹದಿಹರೆಯದವರಿಗಾಗಿ ಬರೆದ ಅದ್ಭುತ ಕಥಾಮಾಲೆಯೊಂದರ ಮೊದಲ ಸಂಪುಟ ಇದು. ಮುಂದಿನ ಎರಡು ಸಂಪುಟಗಳು ಅದೇ ವರ್ಷ ಬಂದವು, ನಾಲ್ಕನೆಯದು 2012ರಲ್ಲಿ, ಐದನೆಯದು 2018ರಲ್ಲಿ.

ಒಂದು ಜನಪ್ರಿಯ ಕಾದಂಬರಿಗೆ ಇಂಥ ಒಂದು ದತ್ತಿ ಉಪನ್ಯಾಸವನ್ನೇ ಮೀಸಲಿಡಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಇಡಬೇಕು. ಟೆಕ್ಸಾಸಿನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳ ಕನ್ನಡ ಮನೆಗಳಲ್ಲಿ ಬೆಳೆಯುವ ಮಕ್ಕಳು ಮನೆಯಲ್ಲಿ ಕನ್ನಡ ಕೇಳುತ್ತಾರೆ, ಓದುವುದು ಇಂಗ್ಲಿಷಿನಲ್ಲಿ. ಅವರ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಹಂಪಿ, ಕಿಷ್ಕಿಂಧೆ, ಹನುಮಂತ ಎಂಬ ಹೆಸರುಗಳು ಕಾಣಿಸುವುದು ಬಹಳ ಅಪರೂಪ. ಕಾಣಿಸಿದಾಗ ಆ ಪುಟಗಳಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಹನ್ನೆರಡು, ಹದಿಮೂರನೆಯ ವಯಸ್ಸಿನಲ್ಲಿ ಓದಿದ ಕಥೆಯ ಊರು ಎಷ್ಟೋ ಸಲ ನೋಡಿದ ಊರಿಗಿಂತ ಗಟ್ಟಿಯಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಕಥೆಯ ಹಂದರ ಹೀಗಿದೆ. ಕೆಲ್ಸಿ ಹೇಯ್ಸ್ ಎಂಬ ಹುಡುಗಿ ಹೈಸ್ಕೂಲು ಮುಗಿಸಿದ್ದಾಳೆ. ತಂದೆತಾಯಿ ಅಪಘಾತದಲ್ಲಿ ತೀರಿಹೋಗಿದ್ದಾರೆ, ಆಕೆ ಸಾಕುತಂದೆತಾಯಿಯ ಮನೆಯಲ್ಲಿದ್ದಾಳೆ. ಬೇಸಿಗೆಯಲ್ಲಿ ಊರಿಗೆ ಬಂದ ಒಂದು ಸರ್ಕಸ್ಸಿನಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರುತ್ತಾಳೆ. ಅಲ್ಲಿನ ಬಿಳಿ ಹುಲಿಯ ಬೋನಿನ ಪಕ್ಕ ಕುಳಿತು ಪುಸ್ತಕ ಓದಿ ಹೇಳುವುದು ಅವಳ ಅಭ್ಯಾಸವಾಗುತ್ತದೆ. ಕದಮ್ ಎಂಬ ಶ್ರೀಮಂತ ಹಿರಿಯರು ಹುಲಿಯನ್ನು ಕೊಂಡು, ಅದನ್ನು ಭಾರತಕ್ಕೆ ಮುಟ್ಟಿಸುವ ಹೊಣೆಯನ್ನು ಅವಳಿಗೆ ಒಪ್ಪಿಸುತ್ತಾರೆ. ಭಾರತ ತಲುಪಿದ ಮೇಲೆ ಹುಲಿ ಮನುಷ್ಯರೂಪ ತಾಳುತ್ತದೆ. ಅದು ಮುನ್ನೂರು ವರ್ಷದ ಹಿಂದೆ ಶಾಪಗ್ರಸ್ತನಾದ ಧೀರೇನ್ ಎಂಬ ರಾಜಕುಮಾರ. ದಿನಕ್ಕೆ 24 ನಿಮಿಷ ಮಾತ್ರ ಅವನು ಮನುಷ್ಯನಾಗಿರಬಲ್ಲ. ದುರ್ಗೆಗೆ ನಾಲ್ಕು ಕಾಣಿಕೆ ತಂದೊಪ್ಪಿಸಿದರೆ ಶಾಪ ಕಳೆಯುತ್ತದೆ. ಮೊದಲ ಕಾಣಿಕೆ ಕಿಷ್ಕಿಂಧೆಯಲ್ಲಿರುವ ಬಂಗಾರದ ಮಾವಿನಹಣ್ಣು. ಅದನ್ನು ತಂದಾಗ ಅವನ ಮನುಷ್ಯಾವಧಿ ದಿನಕ್ಕೆ ಆರು ಗಂಟೆಗೆ ಏರುತ್ತದೆ.

ಪುಸ್ತಕದ ಮೊದಲ ಕಾಲುಭಾಗ ಚೆನ್ನಾಗಿದೆ, ಅದನ್ನು ಮನಸಾರೆ ಒಪ್ಪಬೇಕು. ತಾಯಿಯನ್ನು ಕಳೆದುಕೊಂಡ ಹುಡುಗಿ, ಬೋನಿನ ಹುಲಿ, ಇಬ್ಬರ ನಡುವೆ ಒಂದು ಪುಸ್ತಕ. ಅದರಲ್ಲಿ ನಿಜವಾದ ಒಂಟಿತನವಿದೆ, ಆತುರವಿಲ್ಲ. ಹುಲ್ಲು ಗುಡಿಸುವುದು, ಮಾಂಸ ಹಾಕುವುದು, ಡೇರೆ ಬಿಚ್ಚುವುದು, ಇಂಥ ಕೆಲಸಗಳ ವಿವರದಿಂದ ಸರ್ಕಸ್ಸಿಗೆ ಜೀವ ಬಂದಿದೆ. ಓರೆಗಾನ್ ಲೇಖಕಿಗೆ ಚೆನ್ನಾಗಿ ಗೊತ್ತಿರುವ ನೆಲ. ಆ ಕಾಲುಭಾಗವನ್ನು ನಂಬಿ ಮುಂದೆ ಹೋದವರಿಗೆ ವಿಮಾನ ಇಳಿದ ಮೇಲಿನ ನಿರಾಸೆ ಅಷ್ಟೇ ದೊಡ್ಡದಾಗಿ ತಟ್ಟುತ್ತದೆ.

ಭಾರತಕ್ಕೆ ಬಂದ ಮೇಲೆ ಕಥೆಗೆ ಕೆಲಸ ಮಾಡುವ ಜನರೇ ಇಲ್ಲವಾಗುತ್ತಾರೆ. ರಾಜಕುಮಾರ, ಅವನ ಕಪ್ಪುಹುಲಿ ತಮ್ಮ ಕಿಶನ್, ಎಲ್ಲ ಖರ್ಚು ನೋಡಿಕೊಳ್ಳುವ ಕದಮ್, ಕಾಡಿನ ಗುಡಿಸಲಿನ ಫೇತ್ ಎಂಬ ಸಾಧು, ದೂರದಲ್ಲೆಲ್ಲೋ ಲೋಕೇಶನೆಂಬ ಖಳ. ಕಾಡಿನ ನಡುವೆ ಭವ್ಯ ಬಂಗಲೆಯಿದೆ, ಸ್ವಂತ ವಿಮಾನವಿದೆ. ಕಾನ್ಹೇರಿ ಗುಹೆಗಳು ಒಂದು ಅಧ್ಯಾಯಕ್ಕೆ ಬರುತ್ತವೆ, ಸುಳಿವು ಕೊಟ್ಟು ಹೋಗುತ್ತವೆ. ಹಂಪಿಯೂ ಹಾಗೆಯೇ ಬರುತ್ತದೆ. ಊರು ಯಾವುದಾದರೂ ನಾಯಕಿ ಅಂಗೈ ಒತ್ತಬೇಕಾದ ಒಂದು ಕಲ್ಲು, ತೆರೆಯುವ ಒಂದು ಬಾಗಿಲು, ಆಮೇಲೆ ಓಟ.

ಕಿಷ್ಕಿಂಧೆಯೊಳಗಿನ ಪುಟಗಳು ಇನ್ನೂ ಬೇಸರ ತರುತ್ತವೆ. ಚುಚ್ಚುವ ಮುಳ್ಳುಮರಗಳಿವೆ, ಹಣ್ಣು ಕಿತ್ತಾಗ ಜೀವತಳೆಯುವ ಕಲ್ಲಿನ ಕೋತಿಗಳಿವೆ. ನೀರಿನಿಂದ ಏಳುವ ಪಿಶಾಚಿಗಳ ಹೆಸರು ಕಪ್ಪ. ಕಪ್ಪ ಜಪಾನಿನ ಜನಪದ ಕಥೆಗಳ ಜಲಪಿಶಾಚಿ. ತಲೆಯ ಮೇಲಿನ ಕುಳಿಯಲ್ಲಿ ನೀರು ಹೊತ್ತ, ಬಾಗಿ ನಮಸ್ಕರಿಸಿದರೆ ತಾನೂ ಬಾಗಿ ಬಲ ಕಳೆದುಕೊಳ್ಳುವ ಆ ಜೀವಿಗೆ ತನ್ನ ನಾಡಿನಲ್ಲಿ ಬಹಳ ಸುಂದರವಾದ ಚರಿತ್ರೆಯಿದೆ. ವಾಲಿ ಸುಗ್ರೀವರ ರಾಜಧಾನಿಯಲ್ಲಿ ಅದಕ್ಕೇನು ಕೆಲಸ ಎಂದು ಪುಸ್ತಕ ಯೋಚಿಸುವುದಿಲ್ಲ. ಕಥೆಗಳು ಗಡಿ ದಾಟುವುದು ತಪ್ಪಲ್ಲ. ಆದರೆ ಇಲ್ಲಿ ವಾಲಿಯಿಲ್ಲ, ತಾರೆಯಿಲ್ಲ, ಅಣ್ಣತಮ್ಮಂದಿರ ಜಗಳವಿಲ್ಲ. ಕಿಷ್ಕಿಂಧೆಯ ಕಥೆಯ ತಿರುಳೇ ಅಣ್ಣತಮ್ಮಂದಿರ ವೈರ, ಗುಹೆಯ ಬಾಗಿಲಲ್ಲಿ ಹುಟ್ಟಿದ ಅನುಮಾನ, ಮರೆಯಿಂದ ಬಿಟ್ಟ ಬಾಣದ ನ್ಯಾಯ ಅನ್ಯಾಯ. ಹೌಕ್ ಅವರ ಕೈಯಲ್ಲಿ ಒಬ್ಬಳೇ ಹುಡುಗಿಯನ್ನು ಪ್ರೀತಿಸುವ ಇಬ್ಬರು ಹುಲಿ ಸೋದರರಿದ್ದರು. ವಾಲಿ ಸುಗ್ರೀವರ ಊರಿಗೆ ಅವರ ಕಥೆ ಬಂದಿತ್ತು. ಎರಡು ಜಗಳಗಳನ್ನು ಎದುರುಬದುರು ನಿಲ್ಲಿಸುವ ಅವಕಾಶ ತಾನಾಗಿ ಒದಗಿತ್ತು. ಅದು ಕಣ್ಣಿಗೆ ಬೀಳಲೇ ಇಲ್ಲ ಎಂಬುದು ಈ ಕಾದಂಬರಿಯ ಅತಿ ದೊಡ್ಡ ನಷ್ಟ.

ಲೇಖಕಿ ಹೊರಗಿನವರು ಎಂಬುದು ದೋಷವಲ್ಲ. ಕನ್ನಡದ ಮಕ್ಕಳ ಸಾಹಿತ್ಯದ ಪ್ರೀತಿಯ ಕೃತಿಗಳಲ್ಲೊಂದಾದ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕೂಡ ಹೊರಗಿನಿಂದ ತಂದ ಕಥೆಯೇ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನದ ಹ್ಯಾಮೆಲಿನ್ ಪಟ್ಟಣವನ್ನು ಕುವೆಂಪು ತುಂಗೆಯ ದಂಡೆಗೆ ಕರೆತಂದರು. ಕರೆತಂದಾಗ ಇಲಿಗಳ ಜೊತೆಗೆ ಊರನ್ನೂ ಕಟ್ಟಿದರು: ಗೌಡ, ಅವನ ಮುಂದೆ ಗೋಳು ಹೇಳಿಕೊಳ್ಳುವ ಜನ, ಅವರ ಅಡುಗೆಮನೆ, ಅವರ ಬಟ್ಟೆಬರೆ. ಜರ್ಮನಿಯ ಇಲಿ ಮಲೆನಾಡಿನ ಅಟ್ಟದಲ್ಲಿ ಓಡಾಡಿದ್ದನ್ನು ತಲೆಮಾರುಗಳ ಮಕ್ಕಳು ನಂಬಿದ್ದು ಅದಕ್ಕೆ.

ಹಂಪಿಯಲ್ಲಿ ಊರು ಕಟ್ಟುವ ಶ್ರಮವೂ ಬೇಕಿರಲಿಲ್ಲ. ಊರು ಇತ್ತು, ಇದೆ. ಉಗ್ರನರಸಿಂಹನ ಮೂರ್ತಿ 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆಸಿದ್ದು, 6.7 ಮೀಟರ್ ಎತ್ತರದ ಏಕಶಿಲೆ. ತಲೆಯ ಮೇಲೆ ಆದಿಶೇಷನ ಏಳು ಹೆಡೆ. ತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಳು. 1565ರ ನಂತರದ ನಾಶದಲ್ಲಿ ಆಕೆಯ ಮೂರ್ತಿ ಒಡೆದುಹೋಯಿತು, ದೇವರ ಕೈಗಳು ಮುರಿದವು. ಲಕ್ಷ್ಮೀನರಸಿಂಹನಾಗಿದ್ದವನು ಜನರ ಬಾಯಲ್ಲಿ ಉಗ್ರನಾದ. ಹೆಂಡತಿಯನ್ನು ಕಳೆದುಕೊಂಡು ಉಗ್ರನೆನಿಸಿಕೊಂಡ ಸಿಂಹಮುಖದ ದೇವರ ಮುಂದೆ, ಮನುಷ್ಯರೂಪ ಕಳೆದುಕೊಂಡ ಹುಲಿ ನಿಂತಿದೆ. ಯಾವ ಕಾದಂಬರಿಕಾರರಿಗೂ ಬಯಸಿದರೂ ಸಿಗದ ಸಂದರ್ಭ ಅದು. ಪುಸ್ತಕಕ್ಕೆ ಆ ಮೂರ್ತಿ ಒಂದು ದ್ವಾರ ಮಾತ್ರ.

ಹಂಪಿಯ ಸುತ್ತ ಕಿಷ್ಕಿಂಧೆ ನೆಲದ ಕೆಳಗಿಲ್ಲ, ಜನರ ದಿನನಿತ್ಯದ ದಾರಿಯಲ್ಲಿದೆ. ನದಿಯಾಚೆ ಆನೆಗೊಂದಿ, ಅಂಜನಾದ್ರಿಯ ಮೆಟ್ಟಿಲು, ಪಂಪಾ ಸರೋವರ, ವಾಲಿಯ ಭಂಡಾರ. ಈಚೆ ಮತಂಗ ಪರ್ವತ, ರಾಮ ಮಳೆಗಾಲ ಕಳೆದನೆಂದು ಹೇಳುವ ಮಾಲ್ಯವಂತ, ಸೀತೆಯ ಸೆರಗು ಎಳೆದ ಗುರುತು ಎಂದು ತೋರಿಸುವ ಬಂಡೆಯ ಮೇಲಿನ ಗೆರೆಗಳು. ನಿಂಬಾಪುರದ ಬಳಿ ಒಂದು ಬೂದಿದಿಬ್ಬವಿದೆ. ಅದು ವಾಲಿಯನ್ನು ಸುಟ್ಟ ಬೂದಿ ಎಂದು ಊರವರು ಹೇಳುತ್ತಾರೆ. ಪುರಾತತ್ವ ಶಾಸ್ತ್ರಜ್ಞರಿಗೆ ಅದು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ದಿಬ್ಬ. ಎರಡು ಮಾತೂ ಒಂದೇ ದಿಬ್ಬದ ಮೇಲೆ ನಿಂತಿವೆ. ಹದಿಮೂರು ವರ್ಷದ ಓದುಗನಿಗೆ ಬಂಗಾರದ ಹಣ್ಣಿಗಿಂತ ಈ ಬೂದಿಯೇ ಹೆಚ್ಚು ಬೆರಗು ಹುಟ್ಟಿಸೀತು. ಅಂದಹಾಗೆ ಆ ಸೀಮೆ ಹುಲಿಯದಲ್ಲ, ಚಿರತೆ ಮತ್ತು ಕರಡಿಗಳದು. ಪಕ್ಕದಲ್ಲೇ ದರೋಜಿಯ ಕರಡಿಧಾಮವಿದೆ. ಬಂಡೆಯ ಸಂದಿನಿಂದ ಸಂಜೆ ಹೊತ್ತು ಇಳಿದುಬರುವ ಕರಡಿಯನ್ನು ಕಂಡ ಬಿಳಿ ಹುಲಿಗೆ ಏನನಿಸೀತು? ಇಂಥ ಪ್ರಶ್ನೆಗಳಿಂದಲೇ ಅದ್ಭುತ ಕಥೆಗಳು ಚಿಗುರುತ್ತವೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಆ ಕಾದಂಬರಿ ಅಂಗಡಿಗೆ ಬಂದ ವರ್ಷದ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಹಂಪಿ ಬಜಾರಿನಿಂದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು. ಕಲ್ಲುಮಂಟಪಗಳಿಗೆ ಗೋಡೆ ಕಟ್ಟಿಕೊಂಡು, ಹೂ ಹಣ್ಣು, ಚಹಾ, ಊಟ ಮಾರುತ್ತ ದಶಕಗಳಿಂದ ಅಲ್ಲಿ ಬದುಕಿದ್ದವರ ಮನೆಗಳನ್ನು ಯಂತ್ರಗಳು ಕೆಡವಿದವು. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ತಾಣವನ್ನು ಕಾಪಾಡುವುದು ಅದಕ್ಕೆ ಕೊಟ್ಟ ಕಾರಣ. ಸ್ಮಾರಕ ಉಳಿಯಬೇಕೆಂಬ ವಾದದಲ್ಲಿ ಹುರುಳಿದೆ. ಹಾಗೆಂದು, ಗುಡಿಯ ಮುಂದೆ ಅಂಗಡಿ ಬೀದಿ ಇರುವುದು ವಿಜಯನಗರದ ಕಾಲದಿಂದಲೂ ಹಂಪಿಯ ಸ್ವಭಾವ, ಅದನ್ನೂ ಮರೆಯಲಾಗದು. ಕಾದಂಬರಿಗೂ ಈ ತೆರವಿಗೂ ಯಾವ ಸಂಬಂಧವೂ ಇಲ್ಲ. ಆದರೆ ಜನರಿಲ್ಲದ ಹಂಪಿಯೇ ಶುದ್ಧ ಹಂಪಿ ಎಂಬ ಕಲ್ಪನೆ ಎರಡರಲ್ಲೂ ಇದೆ. ಅದನ್ನು ಮಕ್ಕಳ ಪುಸ್ತಕದಲ್ಲಿ ಕಂಡಾಗ ಸುಮ್ಮನಿರಲು ಆಗುವುದಿಲ್ಲ.

ಕಥಾಮಾಲೆಯ ಮೊದಲ ಸಂಪುಟಕ್ಕೆ ಬೇರೆ ಯಾವ ಸಂಪುಟಕ್ಕೂ ಇಲ್ಲದ ಒಂದು ಹೊಣೆಯಿದೆ. ಆ ಲೋಕದಲ್ಲಿ ಯಾರು ಬದುಕುತ್ತಾರೆ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಮೊದಲ ಪುಸ್ತಕದಲ್ಲಿ ಮಾತು ಸಿಗದವರಿಗೆ ನಾಲ್ಕನೆಯದರಲ್ಲಿ ಸಿಗುವುದು ಕಷ್ಟ. 'ಟೈಗರ್ಸ್ ಕರ್ಸ್' ತನ್ನ ಲೋಕವನ್ನು ಒಂದು ಲೆಕ್ಕದ ಮೇಲೆ ಕಟ್ಟಿದೆ: ನಾಲ್ಕು ಕಾಣಿಕೆ, ಪ್ರತಿಯೊಂದಕ್ಕೂ ಆರು ಗಂಟೆ, ಒಟ್ಟು ಒಂದು ದಿನ. ಲೆಕ್ಕ ಅಚ್ಚುಕಟ್ಟಾಗಿದೆ, ಪ್ರಕಾಶಕರಿಗೆ ಅನುಕೂಲವಾಗಿಯೂ ಇದೆ. ಓದುಗನಿಗೆ ಮಾತ್ರ ಕೊನೆಯ ಪುಟ ಮುಟ್ಟಿದಾಗ ಕಾಲುಭಾಗದ ಕಥೆಯಷ್ಟೇ ಕೈಗೆ ಬಂದಿರುತ್ತದೆ. ಪ್ರೀತಿಯೂ ಅರ್ಧಕ್ಕೆ ನಿಲ್ಲುತ್ತದೆ. ರಾಜಕುಮಾರನಿಗೆ ತಾನು ತಕ್ಕವಳಲ್ಲ, ಲೋಕ ನೋಡಿದ ಮೇಲೆ ಅವನು ತನ್ನನ್ನು ಬಿಟ್ಟಾನು ಎಂದು ತಾನೇ ಕಲ್ಪಿಸಿಕೊಂಡು ಕೆಲ್ಸಿ ಓರೆಗಾನಿಗೆ ಮರಳುತ್ತಾಳೆ. ಎರಡನೆಯ ಸಂಪುಟಕ್ಕೆ ಏನಾದರೂ ಉಳಿಸಬೇಕೆಂಬ ಅವಸರದಲ್ಲಿ ಹುಟ್ಟಿದ ಅಗಲಿಕೆ ಅದು.

ಚಂದಮಾಮ ಓದಿ ಬೆಳೆದ ತಲೆಮಾರಿಗೆ ಮುಂದುವರಿಯುವ ಕಥೆಯ ಇನ್ನೊಂದು ಮಾದರಿ ಗೊತ್ತು. ತ್ರಿವಿಕ್ರಮ ಪ್ರತಿ ಸಲವೂ ಮರದಿಂದ ಶವವನ್ನು ಇಳಿಸಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಬೇತಾಳ ಹೇಳುವ ಕಥೆ ಆ ತಿಂಗಳೇ ಪೂರ್ತಿ ಮುಗಿಯುತ್ತದೆ. ಪ್ರಶ್ನೆಗೆ ಉತ್ತರವೂ ಸಿಗುತ್ತದೆ. ರಾಜನ ಪ್ರಯಾಣ ಮಾತ್ರ ಮುಗಿಯುವುದಿಲ್ಲ. ಓದುಗನ ಕೈ ತುಂಬುತ್ತದೆ, ಕಾತರವೂ ಉಳಿಯುತ್ತದೆ. ಅಮೆರಿಕದ ಕಥಾಮಾಲೆಗಳಲ್ಲಿ ಈ ಸಮತೋಲ ಸಾಧಿಸಿದ ಮೊದಲ ಸಂಪುಟಗಳೂ ಇವೆ. ಅವುಗಳಲ್ಲಿ ಕೆಲವಕ್ಕೆ ಟೆಕ್ಸಾಸ್‌ನ ನಂಟಿರುವುದು ಈ ಉಪನ್ಯಾಸಕ್ಕೆ ಒದಗಿಬಂದ ಅದೃಷ್ಟ.

ರಿಕ್ ರಿಯೊರ್ಡನ್ ಹುಟ್ಟಿದ್ದು ಸ್ಯಾನ್ ಆಂಟೋನಿಯೊದಲ್ಲಿ, 1964ರಲ್ಲಿ. ಓದಿದ್ದು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, ಇಂಗ್ಲಿಷ್ ಮತ್ತು ಇತಿಹಾಸ. ಬಹಳ ವರ್ಷ ಮಾಧ್ಯಮಿಕ ಶಾಲೆಯ ಮೇಷ್ಟರಾಗಿದ್ದವರು. ಓದಲು ತಡವರಿಸುತ್ತಿದ್ದ, ಗಮನ ನಿಲ್ಲದ ಮಗನಿಗೆ ರಾತ್ರಿ ಹೇಳಿದ ಗ್ರೀಕ್ ಕಥೆಗಳಿಂದ 2005ರ 'ದಿ ಲೈಟ್ನಿಂಗ್ ಥೀಫ್' ಹುಟ್ಟಿತು. ಅದರ ನಾಯಕ ಪರ್ಸಿಗೂ ಅದೇ ತೊಂದರೆಗಳಿವೆ. ಅಲ್ಲಿ ಮೆಡೂಸಾ ನ್ಯೂಜೆರ್ಸಿಯ ಹೆದ್ದಾರಿ ಪಕ್ಕದಲ್ಲಿ ತೋಟದ ಗೊಂಬೆಗಳ ಅಂಗಡಿ ಇಟ್ಟಿದ್ದಾಳೆ. ಒಲಿಂಪಸ್ ಇರುವುದು ಎಂಪೈರ್ ಸ್ಟೇಟ್ ಕಟ್ಟಡದ 600ನೆಯ ಮಹಡಿಯಲ್ಲಿ. ದೇವರುಗಳೂ ರಾಕ್ಷಸರೂ ಹೊಟ್ಟೆಪಾಡು ನೋಡಿಕೊಳ್ಳುವ, ಬೇಸರಪಡುವ, ಮಕ್ಕಳನ್ನು ನಿರ್ಲಕ್ಷಿಸುವ ಅಕ್ಕಪಕ್ಕದವರು. ಮಿಂಚು ಕದ್ದವನಾರೆಂಬ ಪ್ರಶ್ನೆ ಆ ಪುಸ್ತಕದಲ್ಲೇ ಬಗೆಹರಿಯುತ್ತದೆ, ದೊಡ್ಡ ಶತ್ರುವಿನ ನೆರಳು ಮಾತ್ರ ಉಳಿಯುತ್ತದೆ. ಆಸ್ಟಿನ್‌ನ ಬುಕ್‌ಪೀಪಲ್ ಪುಸ್ತಕದಂಗಡಿ ಈ ಕಥೆಯಲ್ಲಿ ಬರುವ ಶಿಬಿರದ ಹೆಸರಿನಲ್ಲೇ ಮಕ್ಕಳ ಬೇಸಿಗೆ ಶಿಬಿರ ನಡೆಸಿತು. ಪುಸ್ತಕದೊಳಗೆ ಜನವಸತಿ ಇದ್ದರೆ ಹೊರಗಿನ ಮಕ್ಕಳೂ ಅಲ್ಲಿಗೆ ವಾಸಕ್ಕೆ ಹೋಗುತ್ತಾರೆ.

ರಿಯೊರ್ಡನ್ ಓದಿದ ವಿಶ್ವವಿದ್ಯಾಲಯದಲ್ಲೇ ಓದಿದ ಲಿಬ್ಬಾ ಬ್ರೇ ಅವರ 'ಎ ಗ್ರೇಟ್ ಅಂಡ್ ಟೆರಿಬಲ್ ಬ್ಯೂಟಿ' 2003ರಲ್ಲಿ ಬಂತು. ಅದೂ ಒಂದು ಕಥಾಮಾಲೆಯ ಮೊದಲ ಸಂಪುಟ. ಶುರುವಾಗುವುದು 1895ರ ಬೊಂಬಾಯಿಯ ಪೇಟೆಯಲ್ಲಿ, ಜೆಮ್ಮಾಳ ಹದಿನಾರನೆಯ ಹುಟ್ಟುಹಬ್ಬದ ದಿನ. ತಾಯಿ ಸತ್ತ ಮೇಲೆ ಕಥೆ ಇಂಗ್ಲೆಂಡಿನ ಹೆಣ್ಣುಮಕ್ಕಳ ವಸತಿಶಾಲೆಗೆ ಹೋಗುತ್ತದೆ. ಆ ಶಾಲೆ, ಆ ಗೆಳತಿಯರ ಅಸೂಯೆ, ಮದುವೆಯ ಮಾರುಕಟ್ಟೆಯ ಭಯ ಎಲ್ಲವೂ ಬಹಳ ಬಿಗಿಯಾಗಿವೆ. ಬೊಂಬಾಯಿ ಮಾತ್ರ ಬಿಸಿಲು, ಧೂಳು, ಹಾವುಗಳ ಒಂದು ಮುನ್ನುಡಿಯಾಗಿ ಉಳಿಯಿತು. ಹಿಂಬಾಲಿಸಿ ಬಂದ ಕಾರ್ತಿಕನೆಂಬ ಹುಡುಗ ಇಡೀ ಭಾರತವನ್ನು ಒಬ್ಬನೇ ಹೊರಬೇಕಾಯಿತು. ಹೌಕ್ ಅವರಿಗಿಂತ ಬ್ರೇ ನುರಿತ ಲೇಖಕಿ ಎಂಬುದರಲ್ಲಿ ಅನುಮಾನವಿಲ್ಲ. ಹಾಗಿದ್ದೂ ಆ ಆರಂಭದ ಪುಟಗಳಲ್ಲಿ ಕಾಣುವ ಕೊರತೆ ಇದೇ ಜಾತಿಯದು.

ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುವ ಚಿತ್ರಾ ಬ್ಯಾನರ್ಜಿ ದಿವಾಕರುಣಿ ಅದೇ 2003ರಲ್ಲಿ 'ದಿ ಕಾಂಚ್ ಬೇರರ್' ಬರೆದರು. ಮೂರು ಸಂಪುಟಗಳ ಮಾಲೆಯ ಮೊದಲನೆಯದು. ನಾಯಕ ಆನಂದ್ ಕೋಲ್ಕತ್ತದ ಒಂದು ಚಹಾ ಅಂಗಡಿಯಲ್ಲಿ ಪಾತ್ರೆ ತೊಳೆಯುವ ಹುಡುಗ. ಅಪ್ಪ ದೂರ ಹೋಗಿ ಸುದ್ದಿಯಿಲ್ಲ, ತಂಗಿ ಮಾತು ಬಿಟ್ಟಿದ್ದಾಳೆ, ಅಮ್ಮ ಬೇರೆಯವರ ಮನೆಯ ಅಡುಗೆಗೆ ಹೋಗುತ್ತಾಳೆ. ಮಾಂತ್ರಿಕ ಶಂಖ ಅವನ ಕೈಗೆ ಬರುವ ಹೊತ್ತಿಗೆ ಓದುಗನಿಗೆ ಅವನ ಹಸಿವು ಗೊತ್ತಿರುತ್ತದೆ. ಜೊತೆಗೆ ಬರುವ ನಿಶಾ ಬೀದಿ ಗುಡಿಸುವ ಹುಡುಗಿ. ಹಿಮಾಲಯದ ರಜತಕಣಿವೆಗೆ ಹೊರಟ ಈ ಇಬ್ಬರಿಗೂ ವಿಮಾನ ಕಳಿಸುವವರು ಯಾರೂ ಇಲ್ಲ. ಪುಸ್ತಕದ ನಡುಭಾಗ ಸ್ವಲ್ಪ ಎಳೆದಂತಿದೆ. ಆದರೆ ಕೊನೆಯಲ್ಲಿ ಹುಡುಗ ಮನೆಯನ್ನು ಬಿಟ್ಟು ಶಂಖವನ್ನು ಆರಿಸಬೇಕಾಗಿ ಬಂದಾಗ ಅದರ ಬೆಲೆ ಎಷ್ಟೆಂದು ಓದುವ ಮಗುವಿಗೆ ತಿಳಿಯುತ್ತದೆ. ಹ್ಯೂಸ್ಟನ್‌ನ ಕನ್ನಡ ಮನೆಗಳಿಗೆ ತಮ್ಮ ನಗರದಲ್ಲೇ ಇರುವ ಲೇಖಕಿಯ ಈ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ ಎಂದು ಹೇಳಲು ಯಾವ ಹಿಂಜರಿಕೆಯೂ ಬೇಕಿಲ್ಲ.

ಗ್ರೀಕ್, ಈಜಿಪ್ಟ್, ನಾರ್ಸ್ ಪುರಾಣಗಳಾದ ಮೇಲೆ ಭಾರತದ ಪುರಾಣವನ್ನೂ ಬರೆಯಿರಿ ಎಂದು ಓದುಗರು ಕೇಳುತ್ತಲೇ ಬಂದಾಗ ರಿಯೊರ್ಡನ್ ತಾವು ಬರೆಯಲಿಲ್ಲ. ಆ ಕಥೆಗಳೊಡನೆ ಬೆಳೆದವರು ಬರೆಯಲಿ ಎಂದು ತಮ್ಮ ಹೆಸರಿನ ಒಂದು ಪ್ರಕಟಣಮಾಲೆಗೆ ದಾರಿ ಮಾಡಿದರು. 2018ರಲ್ಲಿ ಅದರ ಮೊದಲ ಪುಸ್ತಕವಾಗಿ ರೋಷನಿ ಚೋಕ್ಷಿ ಅವರ 'ಆರು ಷಾ ಅಂಡ್ ದಿ ಎಂಡ್ ಆಫ್ ಟೈಮ್' ಬಂತು. ಪಾಂಡವರು ಅಮೆರಿಕದ ಹೆಣ್ಣುಮಕ್ಕಳಾಗಿ ಮರುಹುಟ್ಟು ಪಡೆದ ಕಥೆ. ಹನ್ನೆರಡು ವರ್ಷದ ಹುಡುಗಿ ಆರು ಅರ್ಜುನನ ಅಂಶ, ರೋಗಭಯದ ಮಿನಿ ಧರ್ಮರಾಯನ ಅಂಶ. ಮೊದಲ ಸಂಪುಟವೇ ಆದ್ದರಿಂದ ಹೆಸರುಗಳ ಪರಿಚಯಕ್ಕೆ, ನಗೆಮಾತಿಗೆ ಬಹಳ ಜಾಗ ಹೋಗಿದೆ. ಕೆಲವು ದೇವತೆಗಳು ಬಂದ ವೇಗದಲ್ಲೇ ಮಾಯವಾಗುತ್ತಾರೆ. ಆದರೂ ಸುಳ್ಳು ಹೇಳಿ ಶಾಲೆಯಲ್ಲಿ ಮರ್ಯಾದೆ ಉಳಿಸಿಕೊಳ್ಳಲು ನೋಡುವ ಆರು ಒಬ್ಬ ನಿಜವಾದ ಹುಡುಗಿ. ಪ್ಲೇನೊ, ಫ್ರಿಸ್ಕೊ, ಶುಗರ್‌ಲ್ಯಾಂಡ್, ರೌಂಡ್ ರಾಕ್‌ನ ತರಗತಿಗಳಲ್ಲಿ ಕುಳಿತವರಿಗೆ ಅವಳ ಸಂಕಟ ವಿವರಿಸಬೇಕಿಲ್ಲ.

ಹುಲಿಯ ವಿಷಯಕ್ಕೆ ಬಂದರೆ, ಟೆಕ್ಸಾಸಿಗೆ ಕಾದಂಬರಿಯ ಹುಲಿಗಿಂತ ದೊಡ್ಡ ಕಥೆ ಗೊತ್ತಿದೆ. 2021ರ ಮೇ ತಿಂಗಳಲ್ಲಿ ಹ್ಯೂಸ್ಟನ್ ಪಶ್ಚಿಮದ ಒಂದು ವಸತಿ ಬಡಾವಣೆಯ ಹುಲ್ಲುಹಾಸಿನ ಮೇಲೆ ಬಂಗಾಳದ ಹುಲಿಯೊಂದು ಓಡಾಡಿತು. ಒಂಬತ್ತು ತಿಂಗಳ ಗಂಡುಮರಿ. ಅದಕ್ಕೆ ಇಟ್ಟ ಹೆಸರು ಇಂಡಿಯಾ. ಸುಮಾರು ಒಂದು ವಾರ ಹುಡುಕಿದ ಮೇಲೆ ಸಿಕ್ಕಿತು. ಡಲ್ಲಾಸಿನ ಆಗ್ನೇಯಕ್ಕಿರುವ ಮರ್ಚಿಸನ್‌ನ ಪ್ರಾಣಿಧಾಮಕ್ಕೆ ಅದನ್ನು ಒಯ್ದರು. ದೊಡ್ಡ ಬೆಕ್ಕುಗಳನ್ನು ಖಾಸಗಿಯಾಗಿ ಸಾಕುವುದನ್ನು ತಡೆಯುವ ಸಂಯುಕ್ತ ಕಾನೂನಿಗೆ 2022ರ ಡಿಸೆಂಬರಿನಲ್ಲಿ ಸಹಿ ಬಿತ್ತು. ಬೋನಿನ ಹುಲಿಯನ್ನು ಪ್ರೀತಿಸುವ ಹುಡುಗಿಯ ಕಥೆಯನ್ನು ಈ ನಾಡಿನಲ್ಲಿ ಬರೆಯುವವರು ಹುಲಿ ಬೋನಿಗೆ ಹೇಗೆ ಬಂತು ಎಂದು ಕೇಳಲೇಬೇಕು. ಹೌಕ್ ಅದನ್ನು ಶಾಪದ ಲೆಕ್ಕಕ್ಕೆ ಬರೆದು ಬಿಟ್ಟರು. ಕನ್ನಡದ ಮಗು ಮೊದಲು ಕೇಳುವ ಹುಲಿ ಗೋವಿನ ಹಾಡಿನ ಅರ್ಬುತ. ಹಸಿದವನು, ಮಾತು ಕೊಟ್ಟು ಮರಳಿ ಬಂದ ಹಸುವನ್ನು ಕಂಡು ತನ್ನ ಹಸಿವಿಗೇ ನಾಚಿ ಪ್ರಾಣ ಬಿಟ್ಟವನು. ಆ ಹುಲಿ ಮನುಷ್ಯರೂಪ ತಾಳುವುದಿಲ್ಲ. ಹುಲಿಯಾಗಿದ್ದೇ ಧರ್ಮಸಂಕಟ ಅನುಭವಿಸುತ್ತದೆ. ಧೀರೇನ್ ಹುಲಿಯಾಗಿದ್ದಾಗ ಮುದ್ದಿನ ಪ್ರಾಣಿ, ಮನುಷ್ಯನಾದಾಗ ಚೆಲುವ. ಎರಡರ ನಡುವಿನ ನೋವು ಪುಸ್ತಕದಲ್ಲಿ ಬಹಳ ತೆಳುವಾಗಿದೆ.

ಇಂಥ ಪುಸ್ತಕವನ್ನು ಮಕ್ಕಳಿಂದ ದೂರವಿಡಬೇಕು ಎಂಬುದು ಈ ಮಾತುಗಳ ಅರ್ಥವಲ್ಲ. ಮಕ್ಕಳು ಏನು ಓದಬೇಕೆಂಬ ಜಗಳ ಟೆಕ್ಸಾಸಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಶಾಲೆಗಳಿಗೆ ಮಾರುವ ಪುಸ್ತಕಗಳಿಗೆ ಮಾರಾಟಗಾರರೇ ದರ್ಜೆ ಹಚ್ಚಬೇಕೆಂಬ 2023ರ ಕಾನೂನಿನ ವಿರುದ್ಧ ಆಸ್ಟಿನ್‌ನ ಬುಕ್‌ಪೀಪಲ್, ಹ್ಯೂಸ್ಟನ್‌ನ ಬ್ಲೂ ವಿಲೋ ಅಂಗಡಿಗಳು ಮೊಕದ್ದಮೆ ಹೂಡಿದವು. 2024ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಟ್ಟಳೆಗೆ ಹಾಕಿದ್ದ ತಡೆಯನ್ನು ಎತ್ತಿಹಿಡಿಯಿತು. ಓದದೆ ಹಚ್ಚುವ ಚೀಟಿಯಿಂದ ಪುಸ್ತಕದ ಗುಣ ತಿಳಿಯದು. ನಿರಾಸೆಗೊಳಿಸಿದ ಕಾದಂಬರಿಯನ್ನೂ ಮಗುವಿನ ಜೊತೆ ಕುಳಿತು ಓದಿ, ಇಲ್ಲಿ ವಾಲಿ ಎಲ್ಲಿ, ಊರಿನವರು ಎಲ್ಲಿ ಎಂದು ಕೇಳುವುದು ಒಳ್ಳೆಯ ದಾರಿ. ಡಲ್ಲಾಸಿನಲ್ಲೇ 1972ರಲ್ಲಿ ಶುರುವಾದ ಹಾಫ್ ಪ್ರೈಸ್ ಬುಕ್ಸ್‌ನಂಥ ಅಂಗಡಿಗಳಲ್ಲಿ ಹಳೆಯ ಪ್ರತಿಗೆ ಹೆಚ್ಚು ಹಣವೂ ಬೇಕಿಲ್ಲ.

ಆ ಪ್ರಶ್ನೆ ಕೇಳಿದ ಮಗುವಿಗೆ ಕೊಡಲು ಕನ್ನಡದ ಬಳಿ ಏನಿದೆ? ಸಂಪತ್ತು ದೊಡ್ಡದು. ಸುಮಾರು ಒಂಬೈನೂರು ವರ್ಷದ ಹಿಂದೆ ನಾಗಚಂದ್ರ ಬರೆದ ಜೈನ ರಾಮಾಯಣದಲ್ಲಿ ವಾನರರು ಕೋತಿಗಳೇ ಅಲ್ಲ. ಬಾವುಟದ ಮೇಲೆ ಕಪಿಯ ಚಿಹ್ನೆ ಹೊತ್ತ ವಿದ್ಯಾಧರರು, ಆಕಾಶದಲ್ಲಿ ಸಂಚರಿಸುವವರು. ತೊರವೆ ರಾಮಾಯಣದಲ್ಲಿ ಅವರು ಮತ್ತೆ ಕಪಿವೀರರು. ಒಂದೇ ಭಾಷೆ ಕಿಷ್ಕಿಂಧೆಯನ್ನು ಎರಡು ಬಗೆಯಲ್ಲಿ ಕಂಡಿದೆ. ಹದಿಹರೆಯದ ಅದ್ಭುತ ಕಾದಂಬರಿಗೆ ಇದಕ್ಕಿಂತ ದೊಡ್ಡ ಬೀಜ ಬೇಕೇ? ಕಪಿಯೋ ಮನುಷ್ಯನೋ ಎಂದು ತನಗೇ ತಿಳಿಯದ ಹುಡುಗನೊಬ್ಬನ ಕಥೆ ಈಗಾಗಲೇ ಅಲ್ಲಿ ಅರ್ಧ ಬರೆದಂತಿದೆ.

ಇನ್ನೂ ಹತ್ತಿರದ ಸಂಪತ್ತು ಕೊಪ್ಪಳ ಜಿಲ್ಲೆಯಲ್ಲಿದೆ. ಆನೆಗೊಂದಿ ಇರುವ ಜಿಲ್ಲೆಯೂ ಅದೇ. ಅಲ್ಲಿನ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ತೊಗಲುಗೊಂಬೆಯಾಟ ಅವರ ಮನೆತನದ ಕಸುಬು. ಬಣ್ಣ ತುಂಬಿದ ಚರ್ಮದ ಗೊಂಬೆಗಳನ್ನು ಬಿಳಿಯ ಪರದೆಯ ಹಿಂದೆ ದೀಪದ ಬೆಳಕಿಗೆ ಹಿಡಿದು ರಾಮಾಯಣ, ಮಹಾಭಾರತ ಆಡಿಸುತ್ತ ಬಂದವರು. ಅವರ ಆಟದ ಕಿಷ್ಕಿಂಧೆಯಲ್ಲಿ ಜನ ಮಾತನಾಡುತ್ತಾರೆ. ಅದೂ ಆ ಸೀಮೆಯ ಕನ್ನಡದಲ್ಲೇ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಇದೇ ಕಲೆಗೆ ಜೀವ ಸವೆಸಿದವರು, 2023ರಲ್ಲಿ ತೀರಿಕೊಂಡರು. ಈ ಕಲಾವಿದರ ಕಿಷ್ಕಿಂಧೆ ಹನ್ನೆರಡು ವರ್ಷದವರು ಓದುವ ಪುಸ್ತಕವಾಗಿ, ಗೊಂಬೆಗಳ ಚಿತ್ರಗಳೊಡನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎದುರುಬದುರು ಅಚ್ಚಾಗಿ ಟೆಕ್ಸಾಸಿನ ಗ್ರಂಥಾಲಯಗಳಲ್ಲಿ ಇರಬೇಕು.

ಅದನ್ನು ಮಾಡುವ ಶಕ್ತಿ ಅಲ್ಲಿನ ಕನ್ನಡಿಗರಿಗಿದೆ. ಅಮೆರಿಕದ ಕನ್ನಡಿಗರ ಸಂಸ್ಥೆಗಳಾದ ಅಕ್ಕದ ವಿಶ್ವ ಕನ್ನಡ ಸಮ್ಮೇಳನ 2018ರಲ್ಲಿ ಡಲ್ಲಾಸಿನಲ್ಲಿ, ನಾವಿಕ ಸಮ್ಮೇಳನ 2022ರಲ್ಲಿ ಆಸ್ಟಿನ್‌ನಲ್ಲಿ ನಡೆದವು. ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದವಿದೆ, ಡಲ್ಲಾಸಿನಲ್ಲಿ ಮಲ್ಲಿಗೆ ಕನ್ನಡ ಸಂಘವಿದೆ. ಇಂಥ ಕಡೆ ಸ್ಮರಣ ಸಂಚಿಕೆ ಅಚ್ಚು ಹಾಕುವ ಅನುಭವವಿದೆ, ಚಿತ್ರ ಬರೆಯುವ, ಎರಡೂ ಭಾಷೆ ಬಲ್ಲ ಹದಿಹರೆಯದವರೂ ಇದ್ದಾರೆ. ಮೊದಲು ಆಗಬೇಕಾದ ಕೆಲಸ ಮೋರನಾಳದ ಆಟವನ್ನು ಒಂದು ಇಡೀ ರಾತ್ರಿ ಧ್ವನಿಮುದ್ರಿಸಿ, ಅದರ ವಾಲಿ ಸುಗ್ರೀವರ ಭಾಗವನ್ನು ಅಕ್ಷರಕ್ಕೆ ಇಳಿಸುವುದು. ಕಲಾವಿದರ ಹೆಸರು ಮುಖಪುಟದ ಮೇಲಿರಬೇಕು, ಸಂಭಾವನೆ ಮುಂಗಡವಾಗಿ ಸಲ್ಲಬೇಕು. ಒಂದು ದತ್ತಿಯ ಹಣ ಉಪನ್ಯಾಸಕ್ಕೆ ಸಾಲುವಂತೆ ಇನ್ನೊಂದು ದತ್ತಿಯ ಹಣ ಇದಕ್ಕೂ ಸಾಲುತ್ತದೆ. ಧ್ವನಿಮುದ್ರಣಕ್ಕೆ ತಡಮಾಡುವಂತಿಲ್ಲ, ಆ ಹಾಡುಗಳನ್ನು ಪೂರ್ತಿ ಬಲ್ಲವರ ವಯಸ್ಸು ತೊಂಬತ್ತು ದಾಟಿದೆ.